ಕಡ್ಡಿಯ ಬೆಲೆ

ಬೆಳಿಗ್ಗೆ ಹತ್ತು ದಾಟಿ ಐದು ನಿಮಿಷಕ್ಕೆ ಅಕ್ಕನಿಗೆ ತನ್ನ ಜನ್ಮದ ಅತಿ ದೊಡ್ಡ ತಪ್ಪು ಕೈಗೆ ಸಿಕ್ಕಿತು. ಅದೇನು ಎಲ್ಲೋ ಕಸದಲ್ಲಿ ಬಿದ್ದಿರಲಿಲ್ಲ. ಕಬ್ಬಿಣದ ಬೀರುವಿನ ಮೂರನೆಯ ಖಾನೆಯಲ್ಲಿ, ಹಸಿರು ಫೈಲಿನೊಳಗೆ, ಕ್ಲಿಪ್ಪು ಹಾಕಿಸಿಕೊಂಡು ಅಚ್ಚುಕಟ್ಟಾಗಿ ಕೂತಿತ್ತು. ಎಂಟು ಹಾಳೆಯ ಕರಾರು ಪತ್ರ. ಕೊನೆಯ ಹಾಳೆಯಲ್ಲಿ ಅಧ್ಯಕ್ಷರ ಸಹಿ ಇತ್ತು, ಅಕ್ಕನ ಸಹಿ ಇತ್ತು, ಕ್ಲಬ್ಬಿನ ಮೊಹರು ಇತ್ತು. ಆಟಗಾರನ ಸಹಿ ಇರಬೇಕಾದ ಜಾಗ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. ಅಕ್ಕ ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಕನ್ನಡಕದ ತಪ್ಪೇನೂ ಇರಲಿಲ್ಲ.

ಅಕ್ಕ ಎಂದರೆ ಯಾರೋ ಒಬ್ಬರ ಅಕ್ಕ ಅಲ್ಲ. ಇಪ್ಪತ್ತಾರು ವರ್ಷದಿಂದ ಆ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಅಜ್ಜಂದಿರೂ ಅಕ್ಕ ಎನ್ನುತ್ತಾರೆ, ಅವರ ಮೊಮ್ಮಕ್ಕಳೂ ಅಕ್ಕ ಎನ್ನುತ್ತಾರೆ. ಫುಟ್‌ಬಾಲ್ ಸಂಘದ ಮೇಲಿನವರು ಕಳಿಸುವ ಸುತ್ತೋಲೆಗಳನ್ನು ಊಟ ಮಾಡುತ್ತಲೂ ಓದುವ ಹೆಂಗಸು. ಇಂಥವಳ ಕೈಯಲ್ಲಿ ಒಂದು ಕಾಗದ ತಪ್ಪಿತು ಎಂದರೆ ನಂಬುವವರು ಯಾರು?

ತಪ್ಪಿದ ಬಗೆಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾದೀತು. ಈ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ಸೀಸನ್ನಿನ ಮೊದಲ ದಿನ ಆಟಗಾರರೆಲ್ಲ ಸಾಲಾಗಿ ಬಂದು ಕರಾರಿಗೆ ಸಹಿ ಹಾಕುತ್ತಾರೆ, ಕ್ಯಾಪ್ಟನ್ ಕಟ್ಟಕಡೆಗೆ. ಉಳಿದವರಿಗೆಲ್ಲ ನ್ಯಾಯವಾದದ್ದು ಸಿಕ್ಕಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಅವನು ತನ್ನ ಹೆಸರು ಬರೆಯಬೇಕು. ಹಿಂದೆ ಯಾವನೋ ಕ್ಯಾಪ್ಟನ್ ತನ್ನದನ್ನು ಮೊದಲು ಗಿಟ್ಟಿಸಿಕೊಂಡು ಉಳಿದವರ ಕೈಗೆ ಚಿಪ್ಪು ಕೊಟ್ಟಿದ್ದನಂತೆ, ಅಂದಿನಿಂದ ಬಂದದ್ದು. ಒಳ್ಳೆಯ ಪದ್ಧತಿಯೇ, ಅಲ್ಲ ಎಂದವರು ಯಾರು? ಈ ಸಲ ಕ್ಯಾಪ್ಟನ್ ಆದವನು ಕಡ್ಡಿ. ಅವನ ಸರದಿ ಬರುವ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯಿಂದ ಫೋನು: ಅವನ ಚಿಕ್ಕಮ್ಮನ ಕಣ್ಣಿನ ಆಪರೇಷನ್ನನ್ನು ಒಂದು ದಿನ ಮುಂಚೆಯೇ ಮಾಡುತ್ತಾರೆ, ಕೂಡಲೇ ಬರಬೇಕು. "ಹೋಗಪ್ಪಾ ಹೋಗು, ಸಹಿ ಎಲ್ಲಿಗೆ ಓಡಿಹೋಗುತ್ತೆ" ಎಂದವಳು ಅಕ್ಕನೇ. ಸಹಿ ಓಡಿಹೋಗಲಿಲ್ಲ ನಿಜ, ಬರಲೂ ಇಲ್ಲ. ಹೊಸ ಕರಾರಿನ ಹೆಚ್ಚಿನ ಸಂಬಳ ಮಾತ್ರ ತಿಂಗಳಾ ತಿಂಗಳಾ ತಪ್ಪದೆ ಹೋಗುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಹಳೆಯ ಕರಾರು ಮುಗಿಯಲು ಇನ್ನು ಹನ್ನೆರಡು ದಿನ. ಆಮೇಲೆ ಕಡ್ಡಿಯ ಮೇಲೆ ಕ್ಲಬ್ಬಿಗೆ ಯಾವ ಹಕ್ಕೂ ಇಲ್ಲ. ಯಾರು ಬೇಕಾದರೂ ಕ್ಲಬ್ಬಿಗೆ ಬಿಡಿಗಾಸೂ ಕೊಡದೆ ಅವನನ್ನು ಕರೆದುಕೊಂಡು ಹೋಗಬಹುದು. ಇವತ್ತು ಹನ್ನೊಂದೂವರೆಗೆ ದೊಡ್ಡ ಕ್ಲಬ್ಬಿನವರು ಅವನನ್ನು ಕೊಳ್ಳಲು ಬರುವವರಿದ್ದರು.

ಬೆಲೆಯ ವಿಷಯದಲ್ಲಿ ಅಕ್ಕನಿಗೆ ಗೊಂದಲವೇ ಇರಲಿಲ್ಲ. ಎರಡು ಕೋಟಿ. ಏಕೆಂದರೆ ಮೈದಾನದ ಬೆಲೆ ಎರಡು ಕೋಟಿ. ಅರವತ್ತು ವರ್ಷ ಬಾಡಿಗೆಗೆ ಇದ್ದ ಮೈದಾನವದು. ಅದರ ಯಜಮಾನರು ಮೂವರು ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದವರು, ಮಾರುವ ವಿಷಯದಲ್ಲಿ ಮಾತ್ರ ಒಂದಾಗಿಬಿಟ್ಟಿದ್ದರು. ತಿಂಗಳ ಕೊನೆಯೊಳಗೆ ಕ್ಲಬ್ಬು ಕೊಂಡರೆ ಕ್ಲಬ್ಬಿಗೆ, ಇಲ್ಲವಾದರೆ ಗೋದಾಮು ಕಟ್ಟುವವರಿಗೆ. ದಿನಾ ಸಾಯಂಕಾಲ ನೂರಾನಲವತ್ತು ಮಕ್ಕಳು ಆಡುವ ಜಾಗದಲ್ಲಿ ಲಾರಿಗಳು ನಿಲ್ಲುತ್ತವೆ. ಕ್ಲಬ್ಬಿನ ಬಳಿ ಮಾರಲು ಇದ್ದ ಒಂದೇ ಒಂದು ಬೆಲೆಬಾಳುವ ವಸ್ತು ಎಂದರೆ ಕಡ್ಡಿ. ವಸ್ತು ಎಂದದ್ದಕ್ಕೆ ಬೈಯಬೇಡಿ, ಅಕ್ಕನಿಗೂ ಆ ಮಾತು ಹಿಡಿಸುತ್ತಿರಲಿಲ್ಲ.

ಹನ್ನೊಂದನೇ ವಯಸ್ಸಿನಲ್ಲಿ ಅವನು ಮೈದಾನಕ್ಕೆ ಬಂದಾಗ ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದ, ಅದಕ್ಕೇ ಕಡ್ಡಿ ಎಂಬ ಹೆಸರು. ಎತ್ತರದಿಂದ ಬಂದ ಚೆಂಡು ಇವನ ತಲೆಗೆ ಬೀಳುತ್ತಿತ್ತೇ ಹೊರತು ಕಾಲಿಗೆ ಸಿಗುತ್ತಿರಲಿಲ್ಲ. ದಂಡಪಿಂಡ ಎಂದು ಕೋಚು ಕೈಬಿಟ್ಟಿದ್ದರು. ನೋಟಿಸ್ ಬೋರ್ಡಿಗೆ ಮೂಗು ತಾಗಿಸಿ ಓದುವ ಹುಡುಗನನ್ನು ಕಂಡ ಅಕ್ಕ, ಕಿವಿ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಕನ್ನಡಕ ಬಂತು. ಮರುವಾರವೇ ಕಡ್ಡಿ ಗೋಲು ಹೊಡೆದು, "ಅಕ್ಕಾ, ಗೋಲ್‌ಪೋಸ್ಟಿಗೆ ಬಲೆ ಇದೆ!" ಎಂದು ಕೂಗಿಕೊಂಡು ಬಂದಿದ್ದ. ಅದನ್ನು ನೆನೆದರೆ ಅಕ್ಕನಿಗೆ ಇವತ್ತಿಗೂ ನಗುವೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ.

ಕ್ಲಬ್ಬಿನ ಆಫೀಸು ಇದ್ದದ್ದು ಅಧ್ಯಕ್ಷರ ಬಣ್ಣದಂಗಡಿಯ ಮೇಲಿನ ಮಹಡಿಯಲ್ಲಿ. ಅಧ್ಯಕ್ಷರು ಕೆಳಗೆ ಯಾರಿಗೋ ನಾಲ್ಕು ಬಗೆಯ ಹಳದಿ ತೋರಿಸುತ್ತಿದ್ದವರು ಅಕ್ಕನ ಕರೆ ಕೇಳಿ ಮೇಲೆ ಬಂದರು. ಹಾಳೆ ನೋಡಿದ್ದೇ ತಡ, ಕುರ್ಚಿಗೆ ಕುಸಿದರು.

"ಅಯ್ಯೋ ಅಕ್ಕಾ! ಮುಳುಗಿದ್ವಲ್ರೀ!"

"ಹೌದು."

"ಹೌದು ಅಂತ ಕೂತ್ರೆ ಆಗುತ್ತಾ? ಏನಾದ್ರೂ ಮಾಡಿ! ಹೋದ ವರ್ಷದ ತಾರೀಖು ಹಾಕಿಬಿಡಿ!"

"ಅದು ಕಳ್ಳ ಕಾಗದ ಆಗುತ್ತೆ. ಇವತ್ತಿನ ತಾರೀಖಿಗೇ ಅವನು ಸಹಿ ಹಾಕಿದ್ರೆ ಸಾಕು, ಕಾನೂನು ಪ್ರಕಾರ ಸರಿಯಾಗಿರುತ್ತೆ. ಇನ್ನೆರಡು ವರ್ಷ ನಮ್ಮವನು."

ಅಧ್ಯಕ್ಷರಿಗೆ ಹೋದ ಜೀವ ಬಂದ ಹಾಗಾಯಿತು. "ಹಾಗಂತ ಮೊದಲೇ ಹೇಳೋದಲ್ವಾ! ಸುಲಭ ಆಯ್ತು. ಹುಡುಗ ಬಂದ ತಕ್ಷಣ ಬೇರೆ ನಾಲ್ಕು ಕಾಗದದ ಮಧ್ಯೆ ಇದನ್ನೂ ಸೇರಿಸಿ ಮುಂದಿಡಿ. ಅವನೇನು ಓದಿ ಸಹಿ ಹಾಕೋನಾ? ಅಕ್ಕ ಕೊಟ್ಟ ಕಾಗದ ಅಂದ್ರೆ ಕಣ್ಮುಚ್ಚಿ ಹಾಕ್ತಾನೆ."

"ಅದಕ್ಕೇ ಆಗಲ್ಲ ಅಂತಿರೋದು" ಎಂದಳು ಅಕ್ಕ.

ಆಸೆಯೇ ಆಗಲಿಲ್ಲ ಎಂದರೆ ಸುಳ್ಳಾದೀತು. ಆಯಿತು, ಚೆನ್ನಾಗಿಯೇ ಆಯಿತು. ಒಂದು ನಿಮಿಷ ಪೂರ್ತಿ ಆ ನಾಲ್ಕು ಕಾಗದಗಳು ಯಾವುವು ಎಂದೂ ಮನಸ್ಸಿನಲ್ಲೇ ಆರಿಸಿಟ್ಟಳು. ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂದು, ಕರಾರನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. "ಅಕ್ಕಾ, ಹೇಳಿದ್ರೆ ಕೆಟ್ವಿ! ಬಾಯಿಗೆ ಬೀಗ ಹಾಕ್ಕೊಳ್ಳಿ!" ಎಂದು ಅಧ್ಯಕ್ಷರು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಿಕ್ಕಮ್ಮನ ಹೊಲಿಗೆ ಅಂಗಡಿ. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಶರಟುಗಳು. ಅಂಗಡಿಯ ಹಿಂದೆಯೇ ಮನೆ. ಮನೆ ಎಂದರೆ ಒಂದು ಕೋಣೆ, ಅದರ ಮೇಲೆ ತಗಡು. ಕಡ್ಡಿಗೆ ತಾಯಿಯೂ ಅವಳೇ, ತಂದೆಯೂ ಅವಳೇ. ಅವನು ಆರು ವರ್ಷದವನಿದ್ದಾಗ ಅವನ ತಾಯಿ, ಇವಳ ಒಡಹುಟ್ಟಿದವಳು, ತೀರಿಕೊಂಡಳು, ಭಾವ ಎಲ್ಲೋ ಹೋದ, ಹುಡುಗ ಇವಳ ಪಾಲಿಗೆ ಬಂದ. ಈಗ ಊರಿಗೆಲ್ಲ ಅವಳು ಚಿಕ್ಕಮ್ಮ.

ಅಕ್ಕ ಹೋದಾಗ ಕಡ್ಡಿ ಸ್ಟೂಲಿನ ಮೇಲೆ ನಿಂತಿದ್ದ, ಮೈಮೇಲೆ ಹೊಸ ಪ್ಯಾಂಟು. ಚಿಕ್ಕಮ್ಮ ಮಂಡಿಯೂರಿ ಕೂತು ಪ್ಯಾಂಟಿನ ಕಾಲನ್ನು ಮಡಚಿ ಗುಂಡುಸೂಜಿ ಚುಚ್ಚುತ್ತಿದ್ದಳು. ತುಟಿಯ ನಡುವೆ ಇನ್ನೂ ನಾಲ್ಕೈದು ಸೂಜಿಗಳಿದ್ದವು. ಆದ್ದರಿಂದ ಅಕ್ಕ ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಅವಳಿಂದ ಒಂದು ಮಾತೂ ಬರಲಿಲ್ಲ. ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಸಹಿ ಬಿಟ್ಟುಹೋದದ್ದು, ಹನ್ನೆರಡು ದಿನ, ಮೈದಾನ, ಎರಡು ಕೋಟಿ, ಎಲ್ಲವನ್ನೂ ಹೇಳಿದಳು. ನಾಲ್ಕು ಕಾಗದದ ಆಸೆಯೊಂದನ್ನು ಬಿಟ್ಟು.

ಚಿಕ್ಕಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯ ಉಂಡೆಗೆ ಚುಚ್ಚಿದಳು.

"ಹನ್ನೆರಡು ದಿನ ಆದ್ಮೇಲೆ ಇವನಿಗೆ ಇವನೇ ಯಜಮಾನ. ಹಾಗಾ?"

"ಹಾಗೇ."

"ಆಗ ಬರೋ ದುಡ್ಡೆಲ್ಲ ಇವನ ಕೈಗೇ?"

"ಇವನ ಕೈಗೇ."

"ಇವತ್ತು ಸಹಿ ಹಾಕಿದ್ರೆ?"

"ಹೆಚ್ಚಿನದೆಲ್ಲ ಕ್ಲಬ್ಬಿಗೆ."

"ಈಗ ಹಾಕು ಅಂತ ಕೇಳೋಕೆ ಬಂದ್ರಾ?"

"ಕೇಳೋಕೇ ಬಂದೆ ಕಣಮ್ಮ. ಆದ್ರೆ ಹೇಳದೆ ಕೇಳಬಾರದು ಅನ್ನಿಸ್ತು. ಅದಕ್ಕೆ ಮೊದಲು ಹೇಳಿದೆ."

ಕಡ್ಡಿ ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ನೆ ನಿಂತ್ಕೋ, ಸೂಜಿ ಚುಚ್ಚೀತು" ಎಂದಳು ಚಿಕ್ಕಮ್ಮ. ಸಾವಿರಾರು ಜನರ ಮುಂದೆ ಮೂರು ಡಿಫೆಂಡರುಗಳನ್ನು ದಾಟಿ ಹೋಗುವವನು ಬಾಯಿ ಮುಚ್ಚಿಕೊಂಡು ನಿಂತ. "ನೀವು ಹೋಗಿರಿ ಅಕ್ಕ. ಹನ್ನೊಂದೂವರೆಗೆ ಬರ್ತೀವಿ" ಎಂದು ಚಿಕ್ಕಮ್ಮ ಮಾತು ಮುಗಿಸಿದಳು.

ಅಷ್ಟೇ. ಹಾಂ ಇಲ್ಲ, ಹೂಂ ಇಲ್ಲ. ಸ್ಕೂಟರು ತಿರುಗಿಸುವಾಗ ಅಕ್ಕನ ಕಣ್ಣಿಗೆ ಬಿದ್ದದ್ದು ಆ ತಗಡಿನ ಸೂರು, ಅದರ ಮೇಲೆ ಹಾರದಿರಲಿ ಎಂದು ಇಟ್ಟ ಹಳೆಯ ಟೈರುಗಳು. ಇಂಥ ಸೂರಿನ ಕೆಳಗಿರುವವರ ಹತ್ತಿರ ನಿಮ್ಮ ದುಡ್ಡು ಬಿಟ್ಟುಕೊಡಿ ಎಂದು ಕೇಳಲು ನನಗಾದರೂ ಎಷ್ಟು ಎದೆಗಾರಿಕೆ ಎಂದು ಅವಳಿಗೇ ನಾಚಿಕೆಯಾಯಿತು. ದಾರಿಯುದ್ದಕ್ಕೂ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ, ಸಹಿ ಹಾಕದಿದ್ದರೂ ಪರವಾಗಿಲ್ಲ, ಇಷ್ಟು ವರ್ಷ ನಮ್ಮ ಮೈದಾನದಲ್ಲಿ ಓಡಿದನಲ್ಲ, ಅವನಿಗೆ ಒಳ್ಳೆಯದಾಗಲಿ, ಎಂದು ಹೇಳಿಕೊಂಡಳು. ಮನಸಾರೆಯೇ ಹೇಳಿಕೊಂಡಳು.

ಹನ್ನೊಂದೂವರೆಗೆ ಸರಿಯಾಗಿ ಸೂಟು ತೊಟ್ಟವರೊಬ್ಬರು ಬಂದರು. ದೊಡ್ಡ ಕ್ಲಬ್ಬಿಗೆ ಆಟಗಾರರನ್ನು ಕೊಂಡು ತರುವುದೇ ಅವರ ಕೆಲಸ. ತಗ್ಗಿದ ದನಿ, ತೆಳುವಾದ ಫೈಲು, ತಮ್ಮದೇ ನೀರಿನ ಬಾಟಲಿ. ಮೇಜಿನ ಈ ಕಡೆ ಅಧ್ಯಕ್ಷರು ಮತ್ತು ಅಕ್ಕ, ಆ ಕಡೆ ಅವರು, ಗೋಡೆ ಬದಿಯ ಬೆಂಚಿನಲ್ಲಿ ಕಡ್ಡಿ ಮತ್ತು ಚಿಕ್ಕಮ್ಮ. ಪ್ಯಾಂಟಿನ ಕಾಲು ಹೊಲಿದಾಗಿತ್ತು.

"ಎಂಬತ್ತು ಲಕ್ಷ" ಎಂದರು ಸೂಟಿನವರು.

ಅಧ್ಯಕ್ಷರು ನಕ್ಕ ನಗುವಿಗೆ ಕೆಳಗಿನ ಅಂಗಡಿಯ ಡಬ್ಬಗಳೂ ಅಲುಗಾಡಿರಬೇಕು. "ಸ್ವಾಮೀ, ಆ ಬೆಲೆಗೆ ಅವನ ಒಂದು ಬೂಟೂ ಬರಲ್ಲ. ಮೂರು ಕೋಟಿ! ಕಮ್ಮಿ ಅಂದ್ರೆ ನನ್ನ ಹೆಣದ ಮೇಲೆ!"

"ಹುಡುಗನದು ಬರೀ ಎಡಗಾಲು."

"ಬಲಗಾಲಲ್ಲಿ ಒಂಬತ್ತು ಗೋಲು" ಎಂದಳು ಅಕ್ಕ. "ಪಟ್ಟಿ ಇದೆ, ಕೊಡಲಾ?"

"ಕೊನೇ ಹತ್ತು ನಿಮಿಷ ಸುಸ್ತಾಗ್ತಾನೆ ಅಂತ ನಮ್ಮವರ ವರದಿ."

"ಕೊನೇ ಹತ್ತು ನಿಮಿಷದಲ್ಲೇ ಏಳು ಗೋಲು ಹೊಡೆದಿದ್ದಾನೆ. ಅದರ ಪಟ್ಟೀನೂ ಇದೆ."

ಸೂಟಿನವರು ಒಂದು ಗುಟುಕು ನೀರು ಕುಡಿದರು. ಒಂದು ಕೋಟಿ ಎಂದರು. ಅಧ್ಯಕ್ಷರು ಎರಡೂಮುಕ್ಕಾಲಿಗೆ ಇಳಿದು, ಅದಕ್ಕೂ ತಮ್ಮ ಹೆಣವನ್ನೇ ಅಡ್ಡ ಇಟ್ಟರು. ಒಂದು ಇಪ್ಪತ್ತು ಎಂದರು ಸೂಟಿನವರು. ಅಧ್ಯಕ್ಷರ ಹೆಣ ಎರಡೂವರೆಗೆ ಬಂತು. ಹೀಗೆ ನಡೆಯುತ್ತಿರುವಾಗಲೇ ಸೂಟಿನವರು ಅದೇ ತಗ್ಗಿದ ದನಿಯಲ್ಲಿ, "ಅಂದಹಾಗೆ, ಕರಾರು ಪತ್ರ ಒಮ್ಮೆ ನೋಡಬಹುದಾ? ಇನ್ನೂ ಎರಡು ವರ್ಷ ಇದೆ ಅಲ್ವಾ?" ಎಂದರು.

"ಟೀ!" ಎಂದು ಅಧ್ಯಕ್ಷರು ಗಂಟಲು ಹರಿಯುವ ಹಾಗೆ ಕೂಗಿದರು. "ಮೊದಲು ಟೀ ಕುಡಿಯೋಣ ಸ್ವಾಮಿ!"

ಅಕ್ಕ ಚೀಲದಿಂದ ಕರಾರನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ಹೊಸ ಕರಾರು. ಇದಕ್ಕೆ ಹುಡುಗ ಸಹಿ ಹಾಕಿಲ್ಲ. ನನ್ನ ಕಡೆಯಿಂದ ಆದ ತಪ್ಪು. ಹಳೇದು ಇನ್ನು ಹನ್ನೆರಡು ದಿನಕ್ಕೆ ಮುಗಿಯುತ್ತೆ."

ಸೂಟಿನವರು ಕೊನೆಯ ಹಾಳೆ ನೋಡಿದರು, ಅಕ್ಕನನ್ನು ನೋಡಿದರು, ತಮ್ಮ ಫೈಲನ್ನು ಮುಚ್ಚಿದರು. ಅವರೇನು ಕೆಟ್ಟವರಲ್ಲ, ಅವರ ಕೆಲಸವೇ ಅದು. ಕುರ್ಚಿಯನ್ನು ಬೆಂಚಿನ ಕಡೆಗೆ ತಿರುಗಿಸಿದರು. "ನೋಡಪ್ಪಾ, ಒಂದನೇ ತಾರೀಖಿಗೆ ನೇರವಾಗಿ ನಮ್ಮ ಹತ್ರ ಬಾ. ಸಂಬಳ ಬೇರೆ. ಬರೀ ಬಂದಿದ್ದಕ್ಕೆ ಒಂದು ಕೋಟಿ. ನಿನ್ನ ಕೈಗೆ."

ಅಧ್ಯಕ್ಷರು ತಲೆಯ ಮೇಲೆ ಕೈ ಹೊತ್ತರು.

ಕಡ್ಡಿ ಎದ್ದು ಬಂದ. "ಅಕ್ಕ, ಪೆನ್ನು ಕೊಡಿ."

ಅಕ್ಕ ಕೊಡಲಿಲ್ಲ. ಪೆನ್ನನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಳು. ಇಷ್ಟು ಹೊತ್ತು ಇದಕ್ಕಾಗಿಯೇ ಒದ್ದಾಡಿದವಳು ಅದೇ ಗಳಿಗೆ ಬಂದಾಗ ಹೀಗೆ ಮಾಡಿದಳಲ್ಲ, ಅಧ್ಯಕ್ಷರಿಗೆ ಅವಳ ಕೈಯಿಂದ ಕಿತ್ತುಕೊಳ್ಳಬೇಕು ಎನ್ನಿಸಿತು. "ದುಡುಕಬೇಡ ಕಣೋ" ಎಂದಳು ಅಕ್ಕ. "ಒಂದು ಕೋಟಿ ಅಂದ್ರೆ ಏನು ಗೊತ್ತಾ ನಿಂಗೆ? ನಿನ್ನ ಚಿಕ್ಕಮ್ಮನ್ನ ಕೇಳು ಮೊದಲು. ಅವಳು ಬೇಡ ಅಂದ್ರೆ ಬೇಡ. ನಾನು ಒಂದು ಚೂರೂ ಬೇಜಾರು ಮಾಡ್ಕೊಳ್ಳಲ್ಲ."

ಚಿಕ್ಕಮ್ಮ ಕೂತಲ್ಲಿಂದಲೇ ಮಾತಾಡಿದಳು. "ಅಕ್ಕ, ಎರಡು ತಿಂಗಳ ಹಿಂದೆ ನಮಗೊಂದು ಫೋನ್ ಬಂತು. ಯಾರೋ ಏಜೆಂಟು. ಹೊಸ ಕರಾರಿಗೆ ಸಹಿ ಆಗಿದ್ಯಾ ಅಂತ ಕೇಳ್ದ. ಇವನು ಇಲ್ಲ ಅಂದ. ಹಾಗಾದ್ರೆ ಯಾವ ಕಾಗದ ತಂದ್ರೂ ಮುಟ್ಟಬೇಡಿ, ಅದೃಷ್ಟ ಖುಲಾಯಿಸ್ತು ನಿಮ್ಮದು ಅಂದ. ಆವತ್ತಿಂದ ನಮ್ಮನೇಲಿ ದಿನಾ ಜಗಳ. ಇವನು ಅಕ್ಕನಿಗೆ ಹೇಳಿ ಬರ್ತೀನಿ ಅಂತ ದಿನಾ ಚಪ್ಪಲಿ ಮೆಟ್ಟೋನು. ನಾನು ದಿನಾ ಬಾಗಿಲಿಗೆ ಅಡ್ಡ ನಿಲ್ಲೋಳು. ನನಗೂ ಆಸೆ ಇಲ್ವಾ? ಇತ್ತು."

ಅಕ್ಕ ಪೆನ್ನು ಹಿಡಿದುಕೊಂಡೇ ಅವಳ ಕಡೆ ತಿರುಗಿ ಕೂತಳು.

"ಕೊನೆಗೆ ನಾನು ಇವನಿಗೆ ಹೇಳ್ದೆ. ಅವರಾಗೇ ನೋಡ್ಲಿ. ನೋಡಿದ್ಮೇಲೆ ನಮ್ಮ ಮನೆ ಬಾಗಿಲಿಗೆ ಬಂದು ಇದ್ದಿದ್ದು ಇದ್ದ ಹಾಗೆ ಹೇಳ್ತಾರಾ, ಇಲ್ಲ ಬೇರೆ ಕಾಗದದ ಮಧ್ಯೆ ತುರುಕಿ ಸಹಿ ಹಾಕಿಸ್ಕೋತಾರಾ, ಅದನ್ನ ನೋಡಿ ತೀರ್ಮಾನ ಮಾಡೋಣ ಅಂದೆ."

ಅಧ್ಯಕ್ಷರ ಮುಖಕ್ಕೆ ಆಗ ಬಂದ ಬಣ್ಣ ಅವರ ಅಂಗಡಿಯಲ್ಲೂ ಇರಲಿಲ್ಲ.

"ನೀವು ಬಂದು ಹೇಳಿದ್ರಿ" ಎಂದಳು ಚಿಕ್ಕಮ್ಮ. "ಪೆನ್ನು ಕೊಡಿ ಅವನಿಗೆ."

ಕಡ್ಡಿ ಹಾಳೆಯ ಮೇಲೆ ಬಾಗಿದ. ಕಣ್ಣಿನೊಳಗೆ ಲೆನ್ಸ್ ಬಂದು ಎಷ್ಟೋ ವರ್ಷವಾಗಿದ್ದರೂ ಮೂಗನ್ನು ಕಾಗದಕ್ಕೆ ತಾಗಿಸಿಯೇ ಬರೆಯುವ ಅಭ್ಯಾಸ ಹೋಗಿರಲಿಲ್ಲ. ಹೆಸರು ಬರೆದ, ಕೆಳಗೆ ಇವತ್ತಿನ ತಾರೀಖು ಬರೆದ. ಹನ್ನೆರಡು ದಿನದ ಆಟಗಾರ ಎರಡು ವರ್ಷದ ಆಟಗಾರನಾದ. ಒಂದು ಕೋಟಿ ಕೈಬಿಟ್ಟವನು ಅದರ ಪರಿವೆಯೇ ಇಲ್ಲದವನಂತೆ ಹೋಗಿ ಮತ್ತೆ ಬೆಂಚಿನಲ್ಲಿ ಕೂತ.

ಸೂಟಿನವರು ತಮ್ಮ ಫೈಲನ್ನು ಮತ್ತೆ ತೆರೆದರು. ಅವರ ದನಿ ಮೊದಲಿಗಿಂತ ಇನ್ನಷ್ಟು ತಗ್ಗಿತ್ತು. ಹೊರಗೆ ಮೆಟ್ಟಿಲ ಬಳಿ ಹೋಗಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದರು. "ಕ್ಲಬ್ಬಿಗೆ ಒಂದೂವರೆ ಕೋಟಿ. ಹುಡುಗನ ಕೈಗೆ ಎಪ್ಪತ್ತು ಲಕ್ಷ. ಒಟ್ಟು ಎರಡು ಕೋಟಿ ಇಪ್ಪತ್ತು. ಇದರ ಮೇಲೆ ಒಂದು ಪೈಸೆ ಕೇಳಿದ್ರೂ ನಮ್ಮ ಯಜಮಾನರು ಬೇರೆ ಆಟಗಾರನ್ನ ನೋಡ್ತಾರೆ."

"ನನ್ನ ಹೆಣದ ಮೇಲೆ!" ಎಂದರು ಅಧ್ಯಕ್ಷರು. ಆದರೆ ಆ ಹೆಣಕ್ಕೆ ಈಗ ಶಕ್ತಿ ಉಳಿದಿರಲಿಲ್ಲ. ಅಕ್ಕ ಇನ್ನೂ ಎರಡು ಪಟ್ಟಿ ತೋರಿಸಿದಳು. ಸೂಟಿನವರು ಎರಡನ್ನೂ ಗಮನವಿಟ್ಟು ಓದಿ, ಗೌರವದಿಂದಲೇ ವಾಪಸು ಕೊಟ್ಟರು. ಒಬ್ಬ ಮನುಷ್ಯ ಸುಮ್ಮನೆ ಕೊಸರಾಡುತ್ತಿದ್ದಾನೋ ನಿಜಕ್ಕೂ ತಳ ಮುಟ್ಟಿದ್ದಾನೋ ಎಂಬುದು ಅಕ್ಕನಿಗೆ ತಿಳಿಯುತ್ತಿತ್ತು. ಇವರು ತಳ ಮುಟ್ಟಿದ್ದರು. ಐವತ್ತು ಲಕ್ಷ ಕಮ್ಮಿ ಬಿತ್ತು. ಮೂವರು ಅಣ್ಣತಮ್ಮಂದಿರು ಐವತ್ತು ರೂಪಾಯಿಯನ್ನೂ ಬಿಡುವವರಲ್ಲ.

"ಅಕ್ಕ" ಎಂದಳು ಚಿಕ್ಕಮ್ಮ. "ಮೈದಾನಕ್ಕೆ ಎರಡು ಅಂದ್ರಲ್ವಾ?"

"ಹೌದಮ್ಮ. ಇರಲಿ ಬಿಡು, ಬೇರೆ ಎಲ್ಲಾದ್ರೂ ಸಾಲ ಸಿಗುತ್ತಾ ನೋಡ್ತೀವಿ." ಎಲ್ಲೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂರು ಬ್ಯಾಂಕುಗಳ ಮೆಟ್ಟಿಲು ಹತ್ತಿ ಇಳಿದಾಗಿತ್ತು.

ಚಿಕ್ಕಮ್ಮ ಎದ್ದು ಬಂದು ಮೇಜಿನ ಬಳಿ ನಿಂತಳು. ಬಟ್ಟೆಯ ಅಳತೆ ಹಾಕುವವಳ ಹಾಗೆ ಸೂಟಿನವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಸ್ವಾಮಿ, ಒಟ್ಟು ಎರಡು ಇಪ್ಪತ್ತು ತಾನೆ ನಿಮ್ಮದು? ಹುಡುಗನ ಎಪ್ಪತ್ತರಲ್ಲಿ ಐವತ್ತು ತೆಗೆದು ಕ್ಲಬ್ಬಿನ ಕಡೆ ಹಾಕಿ. ನಿಮಗೇನೂ ನಷ್ಟ ಇಲ್ವಲ್ಲ?"

ಸೂಟಿನವರು ಕಡ್ಡಿಯನ್ನು ನೋಡಿದರು. ಕಡ್ಡಿ ಚಿಕ್ಕಮ್ಮನನ್ನು ನೋಡಿದ. ಅವನ ಮುಖ ಅರಳಿದ್ದನ್ನು ನೋಡಿದರೆ ಯಾರೋ ಅವನಿಗೇ ಐವತ್ತು ಲಕ್ಷ ಕೊಟ್ಟಿದ್ದಾರೆ ಎನ್ನಬೇಕು, ಹಾಗಿತ್ತು.

"ನಷ್ಟ ಇಲ್ಲ" ಎಂದರು ಸೂಟಿನವರು ನಿಧಾನವಾಗಿ. "ಆದ್ರೆ ಅಮ್ಮಾ, ನನ್ನ ಸರ್ವಿಸ್ಸಲ್ಲಿ ಇಂಥದ್ದು ನೋಡಿಲ್ಲ. ಹುಡುಗನ ಇಪ್ಪತ್ತನ್ನ ಇಪ್ಪತ್ತೈದು ಮಾಡ್ತೀನಿ. ಅಷ್ಟು ನನ್ನ ಕೈಲಿದೆ."

"ಮೂವತ್ತು ಮಾಡಿ."

"ಅಮ್ಮಾ..."

"ಐದು ನಿಮ್ಮ ಕೈಲಿದ್ರೆ ಹತ್ತೂ ಇರುತ್ತೆ. ಸೂರು ಸೋರುತ್ತೆ ಸ್ವಾಮಿ, ಮೂವತ್ತು ಮಾಡಿ."

ಸೂಟಿನವರು ಬಂದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕರು. "ಆಯ್ತು, ಮೂವತ್ತು." ನಾಲ್ಕು ಸಲ ಹೆಣವಾಗಿಯೂ ಅಧ್ಯಕ್ಷರ ಕೈಲಿ ಆಗದ್ದನ್ನು ಆ ಹೆಂಗಸು ನಿಂತ ನಿಲುವಿನಲ್ಲಿ ಮಾಡಿದಳು.

ಅಕ್ಕ ಮಾತ್ರ ತಲೆ ಅಲ್ಲಾಡಿಸುತ್ತಿದ್ದಳು. "ಬೇಡಮ್ಮ. ತಪ್ಪು ಮಾಡಿದ್ದು ನಾನು, ದಂಡ ಕಟ್ಟೋದು ನೀವಾ? ನಿಮ್ಮ ಐವತ್ತು ಲಕ್ಷ ನಾನು ಹೇಗಮ್ಮ ತಗೊಳ್ಳಲಿ? ಏನಂತ ಬರೀಲಿ?"

"ದಾನ ಅಂತ ಬರೀಬೇಡಿ" ಎಂದಳು ಚಿಕ್ಕಮ್ಮ ಚುರುಕಾಗಿ. "ಸಾಲ ಅಂತಲೂ ಬೇಡ. ನನ್ನ ಹುಡುಗನ ಬೆಲೆ ಎರಡು ಕೋಟಿ ಅಂತ ಬರೀರಿ. ನಾಳೆ ಪೇಪರ್‌ನಲ್ಲೂ ಹಾಗೇ ಬರಲಿ."

ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು. "ಅಕ್ಕ, ನಾನು ಬೆಳಿಗ್ಗೆಯಿಂದ ರಾತ್ರಿ ತನಕ ಮೆಷಿನ್ ತುಳಿಯೋಳು. ನಮ್ಮ ಓಣಿ ಎಂಥದ್ದು ಅಂತ ನಿಮಗೇ ಗೊತ್ತು. ಇವನ ಜೊತೆ ಆಡ್ತಿದ್ದ ಹುಡುಗರಲ್ಲಿ ಇಬ್ಬರು ಜೈಲಲ್ಲಿದ್ದಾರೆ, ಒಬ್ಬ ಎಲ್ಲಿದ್ದಾನೋ ಅವರ ತಾಯಿಗೂ ಗೊತ್ತಿಲ್ಲ. ನಾಲ್ಕು ಗಂಟೆ ಆದ್ರೆ ಏಳು ಗಂಟೆ ತನಕ ನನ್ನ ಹುಡುಗ ಎಲ್ಲಿದ್ದಾನೆ ಅಂತ ಹದಿಮೂರು ವರ್ಷದಲ್ಲಿ ಒಂದೇ ಒಂದು ದಿನ ನಾನು ಹುಡುಕಿಲ್ಲ. ಮೈದಾನದಲ್ಲಿರ್ತಾನೆ, ಅಕ್ಕನ ಕಣ್ಣೆದುರಿಗಿರ್ತಾನೆ. ಅಷ್ಟು ನೆಮ್ಮದಿಯಿಂದ ಹೊಲಿದಿದ್ದೀನಿ ನಾನು. ಆ ನೆಮ್ಮದಿಗೆ ನೀವು ನನ್ನ ಹತ್ರ ಎಷ್ಟು ತಗೊಂಡ್ರಿ?"

ಅಕ್ಕ ಎದ್ದು, ಮೇಜು ಸುತ್ತಿ ಹೋಗಿ, ಸೂಟಿನವರ ಎದುರಿಗೇ ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. "ನಿನ್ನ ಉಪಕಾರ ನಾನು ಸಾಯೋ ತನಕ ಮರೆಯಲ್ಲ ಕಣಮ್ಮ. ನಿಂದೂ, ಇವನದೂ" ಎಂದಳು. ಇಪ್ಪತ್ತಾರು ವರ್ಷ ಆಭಾರಿಯಾಗಿದ್ದೇವೆ, ಕೃತಜ್ಞರಾಗಿದ್ದೇವೆ ಎಂದು ಕಂಡಕಂಡವರಿಗೆ ಪತ್ರ ಬರೆದವಳಿಗೆ ಆ ಹೊತ್ತಿಗೆ ಸಿಕ್ಕ ಮಾತು ಇಷ್ಟೇ.

"ಮೊದಲು ಬರೀರಿ ಅಕ್ಕ" ಎಂದಳು ಚಿಕ್ಕಮ್ಮ, ತಾನೂ ಕಣ್ಣೊರೆಸಿಕೊಳ್ಳುತ್ತ. "ಸ್ವಾಮಿಯವರ ಮನಸ್ಸು ಬದಲಾದೀತು."

ಅಕ್ಕ ಬರೆದಳು. ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಒಂದು ಸಲ. ಸೂಟಿನವರು ಸಹಿ ಹಾಕಿ, ಎಲ್ಲರ ಕೈ ಕುಲುಕಿ, ಚಿಕ್ಕಮ್ಮನ ಅಂಗಡಿ ಎಲ್ಲಿದೆ ಎಂದು ಕೇಳಿಕೊಂಡು ಹೋದರು; ಅವರಿಗೆ ಒಂದು ಸೂಟು ಹೊಲಿಸಬೇಕಿತ್ತಂತೆ. ಅಧ್ಯಕ್ಷರು ಕೆಳಗಿಳಿದು, ಹಳದಿ ಬಣ್ಣಕ್ಕೆ ಇನ್ನೂ ಕಾಯುತ್ತಿದ್ದ ಗಿರಾಕಿಗೆ, ಪಟ್ಟು ಬಿಡದೆ ಎರಡು ಕೋಟಿ ಕಕ್ಕಿಸಿದೆ ನೋಡಿ, ಎಂದು ಕಥೆ ಶುರು ಮಾಡಿದರು. ಅಕ್ಕನೂ ಚಿಕ್ಕಮ್ಮನೂ ನಗುತ್ತ ಅವರನ್ನು ದಾಟಿ ಬೀದಿಗಿಳಿದರು.

ಮಧ್ಯಾಹ್ನವೇ ಹೋಗಿ ಮೂವರು ಅಣ್ಣತಮ್ಮಂದಿರಿಗೂ ಸುದ್ದಿ ಮುಟ್ಟಿಸಿ, ಮಾತು ಖಚಿತ ಮಾಡಿಕೊಂಡು ಅಕ್ಕ ಮೈದಾನಕ್ಕೆ ಬರುವಾಗ ನಾಲ್ಕು ಗಂಟೆ. ಗೇಟಿನ ಬಳಿ ಚಿಕ್ಕಮ್ಮ ನಿಂತಿದ್ದಳು. ಅಂಗಡಿ ಮುಚ್ಚಿ ಬಂದಿದ್ದಳು.

"ಒಳಗೆ ಬಾಮ್ಮ, ಯಾಕೆ ಇಲ್ಲೇ ನಿಂತೆ?"

"ಎಲ್ಲಿಂದ ಒಳಗೆ ಹೋಗೋದು ಅಂತ ಗೊತ್ತಾಗ್ಲಿಲ್ಲ" ಎಂದಳು ಚಿಕ್ಕಮ್ಮ.

ಅಕ್ಕನಿಗೆ ಆಗ ಹೊಳೆಯಿತು. ನಾಲ್ಕರಿಂದ ಏಳು ಮೆಷಿನ್ನಿನ ಮೇಲೆ, ಭಾನುವಾರ ಪಂದ್ಯದ ಹೊತ್ತಿಗೆ ಗಿರಾಕಿಗಳಿಗೆ ಬಟ್ಟೆ ಮುಟ್ಟಿಸುವ ಕೆಲಸ. ಹದಿಮೂರು ವರ್ಷದಲ್ಲಿ ಈ ಹೆಂಗಸು ಮೈದಾನಕ್ಕೆ ಕಾಲಿಟ್ಟೇ ಇರಲಿಲ್ಲ. ನೋಡಿಯೇ ಇರದ ಜಾಗಕ್ಕಾಗಿ ಬೆಳಿಗ್ಗೆ ಐವತ್ತು ಲಕ್ಷ ಬಿಟ್ಟುಕೊಟ್ಟು ಹೋಗಿದ್ದಳು. ಅಕ್ಕ ಅವಳ ಕೈಹಿಡಿದು ಗೇಟು ದಾಟಿಸಿದಳು.

ಮಕ್ಕಳು ಆಗಲೇ ಬಂದಿದ್ದರು. ನೂರಾನಲವತ್ತು ಜನ, ಹತ್ತು ಚೆಂಡು, ಕಿವಿ ಗಡಚಿಕ್ಕುವ ಗಲಾಟೆ. ಆ ತುದಿಯಲ್ಲಿ ಕಡ್ಡಿ ಹೊಸ ಪ್ಯಾಂಟನ್ನು ಮಂಡಿಯ ತನಕ ಮಡಚಿಕೊಂಡು ಓಡುತ್ತಿದ್ದ, ಹಿಂದೆ ಮಕ್ಕಳ ಹಿಂಡು. ಚಿಕ್ಕಮ್ಮ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತಳು. ಆ ಗೋಲಿನಿಂದ ಈ ಗೋಲಿನ ತನಕ ಒಮ್ಮೆ ನಿಧಾನವಾಗಿ ಕಣ್ಣು ಹಾಯಿಸಿದಳು.

"ಫೋನಲ್ಲಿ ತೋರಿಸ್ತಿದ್ದ, ಅಂಗೈಯಷ್ಟು ಕಾಣ್ತಿತ್ತು. ಇಷ್ಟು ದೊಡ್ಡದಾ ಅಕ್ಕ?"

"ಇಷ್ಟು ದೊಡ್ಡದು ಕಣಮ್ಮ."

ಚಿಕ್ಕಮ್ಮ ಇನ್ನೊಮ್ಮೆ ನೋಡಿದಳು. "ಹಾಗಾದ್ರೆ ಎರಡು ಕೋಟಿ ಜಾಸ್ತಿ ಏನಲ್ಲ ಬಿಡಿ" ಎಂದಳು.